ಹತ್ತು ಎಣಿಸುವವರೆಗೆ

ಮೂವತ್ತೊಂದು ವರ್ಷ ನಮ್ಮ ಶೆಡ್ಡಿನಲ್ಲಿ ನನ್ನ ಬಲಗೈ ಹೇಳಿದ್ದೇ ಕೊನೆಯ ಮಾತಾಗಿತ್ತು. ಇದನ್ನು ಜಂಬ ಎಂದು ಯಾರಾದರೂ ಅಂದರೆ, ಹೌದು, ಜಂಬವೇ. ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ, ಮೂವತ್ತಕ್ಕೇ ತಲೆ ಬೋಳಾದವನಿಗೆ, ಹೆಂಡತಿಯ ಎದುರು ಒಂದು ಸಲವೂ ವಾದ ಗೆಲ್ಲದವನಿಗೆ ಜಂಬಪಡಲು ಬೇರೆ ಏನಿತ್ತು? ಜನ ನನ್ನನ್ನು ಅಂಗೈಯಪ್ಪ ಎಂದೇ ಕರೆಯುತ್ತಿದ್ದರು. ಸಂಬಳದ ಚೀಟಿಯ ಮೇಲಿನ ಹೆಸರನ್ನು ಓದಿದರೆ ನನಗೇ ಬೇರೆ ಯಾರದೋ ಎನಿಸುತ್ತಿತ್ತು.

ನಮ್ಮದು ಉಕ್ಕಿಗೆ ಹದ ಕೊಡುವ ಶೆಡ್ಡು. ತಗಡು ಕತ್ತರಿಸುವ, ಬಗ್ಗಿಸುವ ಪ್ರೆಸ್ಸುಗಳಿಗೆ ಬೇಕಾದ, ಮೇಲಿನಿಂದ ಬಡಿಯುವ ಪಂಚು, ಕೆಳಗೆ ಏಟು ತಾಳುವ ಡೈಗಳನ್ನು ಸುತ್ತಲಿನ ಕಾರ್ಖಾನೆಯವರು ಕೊರೆದು ತರುತ್ತಾರೆ. ತಂದಾಗ ಅವು ಮೆತ್ತಗಿರುತ್ತವೆ. ನಾವು ಕುಲುಮೆಯಲ್ಲಿಟ್ಟು ಕಿತ್ತಳೆ ಬಣ್ಣ ಬರುವ ತನಕ ಕಾಯಿಸಿ, ಎಣ್ಣೆಗೆ ಇಳಿಸಿ, ಫ್ಯಾನಿನ ಮುಂದೆ ಆರಲು ಬಿಡುತ್ತೇವೆ. ಆರಿದ ಮೇಲೆ ಇನ್ನೊಂದು ಸಣ್ಣ ಕುಲುಮೆಯಲ್ಲಿ ಕಡಿಮೆ ಬಿಸಿಯಲ್ಲಿ ಎರಡು ಸಲ ಹದ. ಹದ ಕೊಡದಿದ್ದರೆ ಉಕ್ಕು ಗಾಜಿನ ಹಾಗೆ, ಗಟ್ಟಿ ಹೌದು, ತಡೆಯುವ ಗುಣ ಇಲ್ಲ.

ಇಷ್ಟು ಕೇಳಿದವರಿಗೆ ಇದೇನು ಮಹಾ ವಿದ್ಯೆ ಎನಿಸುತ್ತದೆ. ವಿದ್ಯೆ ಇರುವುದು ಆರಿಸುವುದರಲ್ಲಿ. ಕಾದಾಗ ಉಕ್ಕಿನ ಗುಣ ಒಂದು, ತಣಿದಾಗ ಇನ್ನೊಂದು. ತಣಿಯುತ್ತಾ ಹೋದ ಹಾಗೆ ಒಳಗಿನ ಕಣಕಣವೂ ಹಳೆಯ ಗುಣ ಬಿಟ್ಟು ಗಟ್ಟಿಯಾಗಬೇಕು. ಎಲ್ಲವೂ ಆಗುವುದಿಲ್ಲ. ಕೆಲವು ಹಾಗೇ ಉಳಿದುಬಿಡುತ್ತವೆ, ಮೈ ತಣ್ಣಗಾದರೂ ಬೆಂಕಿಯಲ್ಲಿದ್ದಾಗಿನ ಗುಣವನ್ನೇ ಹಿಡಿದುಕೊಂಡು. ಉಕ್ಕು ಪರೀಕ್ಷಿಸುವ ಪ್ರಯೋಗಾಲಯದವರು ಅದಕ್ಕೆ ಆಸ್ಟೆನೈಟ್ ಎನ್ನುತ್ತಾರೆ. ನಾವು ಮೈಗಳ್ಳ ಎನ್ನುತ್ತೇವೆ. ಸರಿಯಾಗಿ ಆರಿಸದೆ ಅವಸರಪಟ್ಟು ಹದದ ಕುಲುಮೆಗೆ ಹಾಕಿದರೆ ಮೈಗಳ್ಳರು ಜಾಸ್ತಿ ಉಳಿಯುತ್ತಾರೆ. ಗಡಸು ಅಳೆಯುವ ಯಂತ್ರಕ್ಕೆ ಇವರು ಸಿಕ್ಕಿಬೀಳುವುದಿಲ್ಲ, ಅದು ಅರವತ್ತು ಎಂದು ತೋರಿಸಿ ಸುಮ್ಮನಾಗುತ್ತದೆ. ಆಮೇಲೆ ಯಾವುದೋ ದಿನ, ಪ್ರೆಸ್ಸಿನ ಏಟು ಬೀಳುತ್ತಿರುವಾಗ, ಅವರಿಗೆ ಎಚ್ಚರವಾಗುತ್ತದೆ. ಒಮ್ಮೆಲೇ ಗಟ್ಟಿಯಾಗಿ ಉಬ್ಬುತ್ತಾರೆ. ಹದ ಕಾಣದ ಗಡಸು ಅದು. ಸುತ್ತಲಿನ ಉಕ್ಕನ್ನೂ ಸೀಳಿಕೊಂಡು ಹೋಗುತ್ತದೆ.

ಹಾಗಾಗಿ ಪಂಚು ಪೂರ್ತಿ ಆರಿದೆಯೋ ಇಲ್ಲವೋ ಎಂದು ಯಾರಾದರೂ ಹೇಳಬೇಕು. ಅದನ್ನು ನಾನು ಹೇಳುತ್ತಿದ್ದೆ. ಅಂಗೈಯನ್ನು ಅದರ ಮೇಲಿಟ್ಟು, ಒತ್ತಿ ಹಿಡಿದು, ಹತ್ತು ಎಣಿಸುವುದು. ಮೇಲ್ಮೈ ಮೊದಲು ಆರುತ್ತದೆ, ಅದು ಎಲ್ಲರಿಗೂ ಗೊತ್ತಾಗುತ್ತದೆ. ಆರು, ಏಳು ಎಣಿಸುವ ಹೊತ್ತಿಗೆ ಪಂಚಿನ ಹೊಟ್ಟೆಯೊಳಗಿನ ಬಿಸಿ ನಿಧಾನವಾಗಿ ಅಂಗೈಗೆ ಏರಿ ಬರುತ್ತದೆ. ಅದು ಬಂದರೆ ಕೈ ತೆಗೆದು ಮತ್ತೆ ಫ್ಯಾನಿನ ಮುಂದೆ ಇಡಬೇಕು. ಹತ್ತರ ತನಕ ಕೈ ನಿಂತರೆ ಐವತ್ತು ಡಿಗ್ರಿಗಿಂತ ಕಡಿಮೆ ಎಂದು ಅರ್ಥ. ಶೆಡ್ಡಿನ ದಿನಚರಿ ಪುಸ್ತಕದಲ್ಲಿ ಪಂಚಿನ ನಂಬರು, ಕುಲುಮೆಯ ಬಿಸಿ, ಎಣ್ಣೆಗಿಳಿಸಿದ ಹೊತ್ತು, ಹದಕ್ಕಿಟ್ಟ ಹೊತ್ತು, ಇವುಗಳ ಪಕ್ಕದ ಕೊನೆಯ ಕಂಬಸಾಲಿನಲ್ಲಿ ‘ಕೈ’ ಎಂದಿತ್ತು. ಅದರ ಕೆಳಗೆ ನನ್ನ ಅಕ್ಷರದಲ್ಲಿ ಸಾಲುಸಾಲಾಗಿ ಒಂದೇ ಪದ: ಹಿಡಿಯಿತು, ಹಿಡಿಯಿತು, ಹಿಡಿಯಿತು.

ಎರಡು ವರ್ಷದ ಹಿಂದೆ ಪ್ರಯೋಗಾಲಯದ ಮೇಡಂ ಒಂದು ಥರ್ಮಾಮೀಟರು ತಂದುಕೊಟ್ಟಿದ್ದರು. ಕಡ್ಡಿಯನ್ನು ಉಕ್ಕಿಗೆ ತಾಗಿಸಿದರೆ ಅಂಕಿ ತೋರಿಸುವಂಥದ್ದು. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕೆ ಬ್ಯಾಟರಿ ಬೇಕು ಮೇಡಂ, ನನ್ನ ಕೈಗೆ ಒಂದು ಲೋಟ ಚಹಾ ಸಾಕು” ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಮೇಡಂ ನಗಲಿಲ್ಲ. ಥರ್ಮಾಮೀಟರು ಡ್ರಾಯರಿಗೆ ಹೋಯಿತು.

ಆ ಮಂಗಳವಾರ ಹನ್ನೊಂದು ಗಂಟೆಗೆ ಫೋನು ಬಂತು. ಎರಡು ಬೀದಿ ಆಚೆಯ ಪ್ರೆಸ್ ಕಾರ್ಖಾನೆಯಲ್ಲಿ ಪಂಚು ಸಿಡಿದಿತ್ತು. ಇಟ್ಟಿಗೆ ಗಾತ್ರದ ಪಂಚು, ನಮ್ಮ ಶೆಡ್ಡಿನಿಂದ ಹೋಗಿ ನಾಲ್ಕೇ ದಿನವಾಗಿತ್ತು. ಚೂರೊಂದು ಕಾಪಿನ ಜಾಲರಿಯ ಕೆಳಗಿನ ಸಂದಿಯಿಂದ ಹಾರಿ, ಪ್ರೆಸ್ಸಿನ ಮುಂದೆ ಕೂತಿದ್ದ ಹುಡುಗಿಯ ಎಡಗಣ್ಣಿಗೆ ಹೊಕ್ಕಿತ್ತು.

ಅವಳನ್ನು ನಾನು ಬಲ್ಲೆ. ಪಂಚು ಕೊಡಲು, ಒಯ್ಯಲು ಕೈಗಾಡಿ ತಳ್ಳಿಕೊಂಡು ಎಷ್ಟೋ ಸಲ ಅವಳೇ ಬರುತ್ತಿದ್ದಳು. ಟೋಪಿಯೊಳಗೆ ನಿಲ್ಲದ ಕೂದಲು, ಅದಕ್ಕೇ ಎಲ್ಲರಿಗೂ ಅವಳು ಗುಂಗುರು. ಬಾಯಿ ಬಹಳ. ಬೇಸಿಗೆಯಲ್ಲಿ ಒಂದು ದಿನ ಬಂದು, “ಅಂಗೈಯಪ್ಪಾ, ನಿಮ್ಮ ಕೈ ಸ್ವಲ್ಪ ನನ್ನ ಹಣೆ ಮೇಲಿಡಿ. ಜ್ವರ ಇದೆ ಅಂತ ನೀವು ಹೇಳಿದ್ರೆ ಮ್ಯಾನೇಜರೂ ನಂಬ್ತಾರೆ, ರಜೆ ಕೊಡ್ತಾರೆ” ಎಂದಿದ್ದಳು. ನಾನು ಕೈಯಿಟ್ಟು ಹತ್ತು ಎಣಿಸಿ, “ಹಿಡಿಯಿತು. ಹೋಗು, ಕೆಲಸ ಮಾಡು” ಎಂದು ಕಳಿಸಿದ್ದೆ. ಅವತ್ತು ಶೆಡ್ಡಿಗೆ ಶೆಡ್ಡೇ ನಕ್ಕಿತ್ತು.

ಆ ಕಾರ್ಖಾನೆಯಲ್ಲಿ ಪ್ರೆಸ್ಸಿಗೆ ಪಂಚು ಕೂರಿಸುವವನು ನನ್ನ ಅಳಿಯ. ಕೂರಿಸಿದ್ದು ಅವನೇ. ಪಂಚು ಡೈಯ ಬಾಯಿಗೆ ನೇರವಾಗಿ ಇಳಿಯಬೇಕು, ಕೂದಲೆಳೆಯಷ್ಟು ಓರೆಯಾದರೂ ಅಂಚಿಗೆ ಬಡಿದು ಒಡೆಯುತ್ತದೆ. ಮ್ಯಾನೇಜರು ಅದನ್ನೇ ಹಿಡಿದುಕೊಂಡ. ಓರೆ ಕೂರಿಸಿದ್ದೀಯ, ಮುಂದಿನ ಬುಧವಾರ ವಿಚಾರಣೆ, ಅಲ್ಲಿಯವರೆಗೆ ಗೇಟಿನ ಒಳಗೆ ಕಾಲಿಡಬೇಡ ಎಂದು ಮನೆಗೆ ಕಳಿಸಿದ. ಹುಡುಗಿಯ ಕಣ್ಣು ಹೋದರೆ ಪೊಲೀಸು ಕೇಸು ಬೇರೆ.

ಸಂಜೆ ನಾನು ಮಗಳ ಮನೆಗೆ ಹೋದೆ. ಸಮಾಧಾನ ಹೇಳಲು ಅಲ್ಲ, ಬೈಯಲು. ಈ ಅಳಿಯನ ಮೇಲೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅವನದು ಎಲ್ಲದಕ್ಕೂ ಅಳತೆ. ಜೇಬಿನಲ್ಲಿ ಸದಾ ಸಂದು ಅಳೆಯುವ ತೆಳು ತಗಡಿನ ಗೇಜುಗಳ ಕಟ್ಟು. ಮದುವೆಯ ದಿನ ಕುರ್ಚಿ ಅಲ್ಲಾಡುತ್ತದೆಂದು ಅದರ ಕಾಲಿನ ಕೆಳಗೆ ಒಂದು ಗೇಜು ತುರುಕಿ ಕೂತಿದ್ದ ಮನುಷ್ಯ. ಕೈಯಲ್ಲಿ ಕಸುಬು ಇಲ್ಲದವರಿಗೇ ಇಷ್ಟೊಂದು ಗೇಜು ಬೇಕು ಎಂದು ನಾನು ಅವನ ಎದುರೇ ಹೇಳಿದ್ದುಂಟು.

“ಕಣ್ಣು ಎಲ್ಲಿತ್ತು ನಿನಗೆ?” ಎಂದೆ. “ಒಂದು ಹೆಣ್ಣುಮಗಳ ಕಣ್ಣು ಕಳೆದೆಯಲ್ಲ!”

ಅವನು ಎದ್ದು ನಿಂತ. “ಎರಡು ಸಲ ಅಳೆದಿದ್ದೆ ಮಾವ. ನಾಲ್ಕೂ ಕಡೆ ಒಂದೇ ಸಂದು ಇತ್ತು.”

“ಅಳೆದೆಯಂತೆ! ನಿನ್ನ ಗೇಜು ನಿನ್ನ ಹಾಗೇ ಸೊಟ್ಟಗಿರಬೇಕು.”

“ಅಪ್ಪಾ, ಸಾಕು” ಎಂದಳು ಮಗಳು. ನಾನು ಸಾಕು ಮಾಡಲಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದ, ನನ್ನ ಮುಖ ನೋಡಿದ, ಮುಚ್ಚಿಕೊಂಡ. ತಪ್ಪಿತಸ್ಥನಿಗೆ ಮಾತು ಎಲ್ಲಿಂದ ಬರಬೇಕು ಎಂದು ನಾನು ಅಂದುಕೊಂಡೆ. ಚಹಾವನ್ನೂ ಮುಟ್ಟದೆ ಎದ್ದು ಬಂದೆ.

ಗುರುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿತ್ತು. ಹೆಂಡತಿ ಹಿತ್ತಲಲ್ಲಿದ್ದಳು. ನಾನೇ ಹೋಗಿ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟೆ. ತಿರುಗಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು.

“ರೀ, ಬಟ್ಟೆ ಹಿಡ್ಕೊಳ್ಳಲಿಲ್ಲ ನೀವು.”

“ಕುಲುಮೆಯವನಿಗೆ ಹಾಲಿನ ಪಾತ್ರೆ ಏನೇ?”

ಅವಳು ಬಂದು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳ ತುದಿಗಳಲ್ಲಿ ಬಿಳಿ ಗುಳ್ಳೆ ಏಳುತ್ತಿತ್ತು. ಅವಳು ಉಗುರಿನಿಂದ ಅಂಗೈಯನ್ನು ಜೋರಾಗಿ ಚಿವುಟಿದಳು. ಚಿವುಟುವುದನ್ನು ನಾನು ನೋಡಿದೆ, ಅಷ್ಟೇ.

“ವರ್ಷದಿಂದ ನೋಡ್ತಾ ಇದ್ದೀನಿ. ಕಾದ ಹೆಂಚು ಮುಟ್ತೀರಿ, ಸುಮ್ಮನಿರ್ತೀರಿ. ಶುಗರ್ ಡಾಕ್ಟರು ಕೈಕಾಲು ಜೋಮು ಹಿಡಿಯುತ್ತಾ ಅಂತ ಕೇಳಿದಾಗ ಏನು ಹೇಳಿದ್ರಿ?”

“ಇಲ್ಲ ಅಂದೆ.”

“ಸುಳ್ಳು ಹೇಳಿದ್ರಿ.” ಅವಳು ಕೈ ಬಿಟ್ಟಳು. “ಆ ಹುಡುಗಿಗೆ ಜ್ವರ ಇಲ್ಲ ಅಂತ ಕಳಿಸಿದ್ರಲ್ಲ ಬೇಸಿಗೇಲಿ, ನಗ್ತಾ ಬಂದು ಹೇಳಿದ್ರಿ ನನಗೆ. ಮಾರನೇ ದಿನದಿಂದ ಅವಳು ಒಂದು ವಾರ ಹಾಸಿಗೆ ಹಿಡಿದಿದ್ದು ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ಗುಳ್ಳೆಗಳು ನನಗೆ ಹೊಸದಲ್ಲ, ಇಕ್ಕಳದಿಂದಲೋ ಎಣ್ಣೆಯಿಂದಲೋ ಎದ್ದಿರಬೇಕು ಎಂದು ಆ ವರ್ಷವಿಡೀ ಅಂದುಕೊಂಡಿದ್ದೆ. ಕೈ ಸುಟ್ಟು ಸುಟ್ಟು ಚರ್ಮ ಚಪ್ಪಲಿಯ ಅಟ್ಟೆಯಾಗಿದೆ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಕಾಲು ಜೋಮು ಹಿಡಿಯುವುದು ನಿಜವಾಗಿ ಗೊತ್ತಿತ್ತು. ಕೈಯದ್ದು ನನಗೆ ಗೊತ್ತಿತ್ತೋ ಇಲ್ಲವೋ ಎಂದು ಈಗಲೂ ಪ್ರಾಮಾಣಿಕವಾಗಿ ಹೇಳಲಾರೆ. ಗೊತ್ತುಮಾಡಿಕೊಳ್ಳಲು ಹೋಗಲಿಲ್ಲ ಎನ್ನುವುದು ಸತ್ಯ.

ಅವತ್ತು ಶೆಡ್ಡಿನವರೆಲ್ಲ ಊಟಕ್ಕೆ ಹೋದಾಗ ಡ್ರಾಯರಿನಿಂದ ಥರ್ಮಾಮೀಟರು ತೆಗೆದೆ. ಫ್ಯಾನಿನ ಮುಂದೆ ಒಂದು ಡೈ ಆರುತ್ತಿತ್ತು. ಅಂಗೈಯಿಟ್ಟು ಹತ್ತು ಎಣಿಸಿದೆ. ಕೈ ನಿಂತಿತು. ಒಳಗಿನ ಬಿಸಿ ಏರಿ ಬರಲಿಲ್ಲ. ನಿನ್ನೆಯಾಗಿದ್ದರೆ ಪುಸ್ತಕ ತೆಗೆದು ಹಿಡಿಯಿತು ಎಂದು ಬರೆದು ಹದದ ಕುಲುಮೆಗೆ ತಳ್ಳುತ್ತಿದ್ದೆ. ಕಡ್ಡಿ ತಾಗಿಸಿದೆ. ಅಂಕಿ ಏರುತ್ತಾ ಹೋಗಿ ಎಂಬತ್ತಾರಕ್ಕೆ ನಿಂತಿತು. ಯಂತ್ರ ಕೆಟ್ಟಿದೆ ಎಂದುಕೊಂಡು ಕುಡಿಯುವ ನೀರಿನಲ್ಲಿ ಅದ್ದಿ ನೋಡಿದೆ, ಸರಿಯಾಗಿಯೇ ತೋರಿಸಿತು. ಅಂಗೈಯಲ್ಲಿ ಆಗಲೇ ಗುಳ್ಳೆ ಏಳುತ್ತಿತ್ತು. ಮತ್ತೆ ಡೈಗೆ ತಾಗಿಸಿದೆ. ಎಂಬತ್ತಾರು.

ಆಗ ಇನ್ನೊಂದು ವಿಷಯ ನೆನಪಾಯಿತು. ಆ ವರ್ಷ ಮಾಲೀಕ ನನ್ನ ಬೆನ್ನು ತಟ್ಟಿದ್ದ. “ಅಂಗೈಯಪ್ಪಾ, ವಯಸ್ಸಾದಂತೆ ಕೈ ಚುರುಕಾಗ್ತಿದೆ ನಿನ್ನದು. ಮೊದಲು ದಿನಕ್ಕೆ ಆರು ಪಂಚು ಹದಕ್ಕೆ ಹೋಗ್ತಿತ್ತು, ಈಗ ಒಂಬತ್ತು ಹೋಗ್ತಿದೆ” ಎಂದಿದ್ದ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮಾಲೀಕನಿಗೆ ಹೇಳಿದೆ. ಅವನು ಕೆಟ್ಟವನಲ್ಲ, ಹೆದರುವವನು. ಕೋಣೆಯ ಬಾಗಿಲು ಹಾಕಿ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ.

“ಇದು ನಮ್ಮಿಬ್ಬರಲ್ಲೇ ಇರಲಿ. ಗಡಸು ಅರವತ್ತಿದೆ, ಕಾಗದದಲ್ಲಿ ಎಲ್ಲ ಸರಿಯಿದೆ. ನಾಳೆಯಿಂದ ಥರ್ಮಾಮೀಟರು ಇಟ್ಟುಕೋ, ಮುಗೀತು. ಅಳಿಯನಿಗೆ ಬೇರೆ ಕಡೆ ಕೆಲಸ ನಾನೇ ನೋಡ್ತೀನಿ. ಈ ಶೆಡ್ಡು ಮುಚ್ಚಿದ್ರೆ ಒಂಬತ್ತು ಮನೆ ಬೀದಿಗೆ ಬೀಳುತ್ತೆ ಕಣೋ.”

ನಾನು ಸರಿ ಎಂದೆ. ಇದನ್ನು ಮುಚ್ಚಿಡಬಾರದು, ಅದಕ್ಕೇ ಹೇಳುತ್ತಿದ್ದೇನೆ: ನಾನು ಸರಿ ಎಂದೆ. ಗುರುವಾರದಿಂದ ಸೋಮವಾರದವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಭಾನುವಾರ ಮಗಳು ಬಂದು, ಅಳಿಯ ಊಟ ಬಿಟ್ಟಿದ್ದಾನೆ, ಗೇಜುಗಳನ್ನೆಲ್ಲ ಒರೆಸಿ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸಿದ್ದಾನೆ ಎಂದು ಅತ್ತಳು. ನಾನು ಅವಳ ತಲೆ ಸವರಿದೆ. ಅವಳ ಕೂದಲು ಕೂಡ ನನ್ನ ಕೈಗೆ ಗೊತ್ತಾಗಲಿಲ್ಲ. ನನ್ನ ಹೆಂಡತಿ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಆ ದಿನ ಅವಳು ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಪ್ರಯೋಗಾಲಯದ ಮೇಡಂ ಬಂದರು. ಪರೀಕ್ಷೆಗೆ ಬಂದಿದ್ದ ಒಡೆದ ಪಂಚಿನ ಒಂದು ತುಂಡನ್ನು ಅವರು ಕನ್ನಡಿಯಂತೆ ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದರು. ಫೋಟೋವನ್ನು ನನ್ನ ಮುಂದಿಟ್ಟರು. ಕಪ್ಪು ಸೂಜಿಗಳ ನಡುವೆ ಅಲ್ಲಲ್ಲಿ ಬಿಳಿ ತೇಪೆ.

“ಈ ಬಿಳಿ ಎಲ್ಲಾ ನೀವು ಹೇಳೋ ಮೈಗಳ್ಳ. ಇಷ್ಟೊಂದು ಇರಬಾರದು. ಇದು ಪೂರ್ತಿ ಆರುವ ಮೊದಲೇ ಹದಕ್ಕೆ ಹೋಗಿದೆ. ಎರಡು ಸಲವೂ. ಪುಸ್ತಕ ಕೊಡಿ.”

ಕೊಟ್ಟೆ. ಅವರು ‘ಕೈ’ ಎಂಬ ಕಂಬಸಾಲನ್ನು ನೋಡಲೇ ಇಲ್ಲ. ಎಣ್ಣೆಗಿಳಿಸಿದ ಹೊತ್ತು, ಹದಕ್ಕಿಟ್ಟ ಹೊತ್ತು, ಈ ಎರಡರ ನಡುವಿನ ಅಂತರವನ್ನು ಪೆನ್ಸಿಲಿನಲ್ಲಿ ಬರೆಯುತ್ತಾ ಪುಟ ಹಿಂದೆ ಹಿಂದೆ ತಿರುಗಿಸಿದರು. ಈಗ ಒಂದು ಗಂಟೆ. ಆರು ತಿಂಗಳ ಹಿಂದೆ ಒಂದೂವರೆ. ವರ್ಷದ ಹಿಂದೆ ಎರಡು. ಅದಕ್ಕೂ ಹಿಂದೆ, ಅಷ್ಟೇ ದೊಡ್ಡ ಪಂಚುಗಳಿಗೆ, ಎಷ್ಟು ವರ್ಷ ಹಿಂದೆ ಹೋದರೂ ಎರಡೂವರೆ ಗಂಟೆ. ನನ್ನ ಬೆರಳುಗಳು ಒಂದೊಂದಾಗಿ ಸತ್ತ ಕತೆಯನ್ನು ನಾನೇ ನನ್ನ ಕೈಯಾರೆ ಬರೆದಿಟ್ಟಿದ್ದೆ.

ಮೇಡಂ ಪುಸ್ತಕ ಮುಚ್ಚಿ ಮೆಲ್ಲಗೆ ಕೇಳಿದರು. “ದೊಡ್ಡ ಪಂಚುಗಳು ಮಾತ್ರ ಲೆಕ್ಕ ಹಾಕಿದ್ರೆ, ಈ ಅವಧಿಯಲ್ಲಿ ಹೋಗಿರೋದು ಅರವತ್ತಮೂರು. ಒಂದು ಸಿಡಿದಿದೆ. ಉಳಿದ ಅರವತ್ತೆರಡು ಎಲ್ಲಿವೆ?”

ಅಲ್ಲಿಯ ತನಕ ನಾನು ಒಂದೇ ಪಂಚಿನ ಬಗ್ಗೆ ಯೋಚಿಸುತ್ತಿದ್ದೆ. ಅಳಿಯ, ಮಗಳು, ನನ್ನ ಮಾನ, ಇಷ್ಟೇ. ಪೆನ್ಸಿಲಿನ ಆ ಅಂಕಿಗಳನ್ನು ನೋಡಿದ ಮೇಲೆ ನನಗೆ ಊರ ತುಂಬ ಪ್ರೆಸ್ಸುಗಳ ಸದ್ದೇ ಕೇಳತೊಡಗಿತು. ಪ್ರತಿಯೊಂದರ ಮುಂದೆಯೂ ಒಬ್ಬರು ಕೂತಿರುತ್ತಾರೆ.

ಬುಧವಾರದ ವಿಚಾರಣೆ ಪ್ರೆಸ್ ಕಾರ್ಖಾನೆಯ ರಿಪೇರಿ ಕೋಣೆಯಲ್ಲಿ ನಡೆಯಿತು. ಮ್ಯಾನೇಜರು, ಸುರಕ್ಷತೆಯ ಅಧಿಕಾರಿ, ನಮ್ಮ ಮಾಲೀಕ, ಮೇಡಂ. ಅಳಿಯ ಗೋಡೆಗೆ ಅಂಟಿ ನಿಂತಿದ್ದ, ಗಡ್ಡ ಬೆಳೆದಿತ್ತು. ಗುಂಗುರುವಿನ ಅಕ್ಕ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂತಿದ್ದಳು. ತಂಗಿಯ ಕಣ್ಣನ್ನು ತೆಗೆದುಹಾಕಿದ್ದಾರೆ ಎಂದು ಅವಳೇ ಹೇಳಿದಳು.

ಮೇಡಂ ಫೋಟೋ ತೋರಿಸಿದರು. ಮ್ಯಾನೇಜರು ಅದನ್ನು ಕೈಯಲ್ಲಿ ಹಿಡಿದು ಮೂಗು ಮುರಿದ. “ಬಿಳಿ ಚುಕ್ಕೆ ಎಲ್ಲ ಉಕ್ಕಿನಲ್ಲೂ ಇರುತ್ತೆ ಮೇಡಂ. ಗಡಸು ಅರವತ್ತು, ನಾವೂ ಅಳೆದಿದ್ದೇವೆ. ಇನ್ನು ಆರಿಸಿದ್ದು ಸರಿಯಿಲ್ಲ ಅಂತೀರಿ, ಆರಿಸಿದವರು ಯಾರು? ಅಂಗೈಯಪ್ಪ! ಮೂವತ್ತು ವರ್ಷದಲ್ಲಿ ಆ ಕೈ ತಪ್ಪಿದ್ದು ಯಾರಾದ್ರೂ ಕಂಡಿದ್ದಾರಾ? ಯಂತ್ರ ತಪ್ಪಬಹುದು, ಆ ಕೈ ತಪ್ಪಲ್ಲ. ಹಾಗಾಗಿ ತಪ್ಪು ಕೂರಿಸಿದವನದೇ.”

ನಮ್ಮ ಮಾಲೀಕ ತಲೆಯಾಡಿಸಿದ. ಅಧಿಕಾರಿ ಬರೆದುಕೊಳ್ಳತೊಡಗಿದ. ನನ್ನ ಮೂವತ್ತೊಂದು ವರ್ಷದ ಹೆಸರೇ ನನ್ನ ಅಳಿಯನ ಕುತ್ತಿಗೆಗೆ ಬಿಗಿಯುತ್ತಿತ್ತು. ನನಗೆ ಇಷ್ಟು ಸಿಟ್ಟು ಜೀವನದಲ್ಲಿ ಬಂದಿರಲಿಲ್ಲ, ಅದು ಬಂದದ್ದು ನನ್ನ ಮೇಲೇ.

ಆ ಕೋಣೆಯ ಮೂಲೆಯಲ್ಲಿ ಬೇರಿಂಗು ಬಿಸಿ ಮಾಡುವ ಒಲೆಯಿತ್ತು. ನಾನು ಎದ್ದೆ.

“ಸಾರ್, ಒಂದು ಉಕ್ಕಿನ ತುಂಡು ಅದರಲ್ಲಿಡಿ. ನಿಮಗೆ ಎಷ್ಟು ಬೇಕೋ ಅಷ್ಟು ಕಾಯಿಸಿ, ನನಗೆ ಹೇಳಬೇಡಿ. ಅಂಗೈಯಪ್ಪ ಹೇಳ್ತಾನೆ.”

ಮ್ಯಾನೇಜರು ನಕ್ಕ. ನಾನು ಅವನ ಪರ ಸಾಕ್ಷಿ ತೋರಿಸುತ್ತೇನೆ ಎಂದುಕೊಂಡಿರಬೇಕು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಕಾಲು ಗಂಟೆಯ ಮೇಲೆ ಕರೆದರು. ತುಂಡು ಮೇಜಿನ ಮೇಲಿತ್ತು, ಕಪ್ಪಗೆ, ಯಾವ ಸುಳಿವೂ ಕೊಡದೆ. ಅಂಗೈಯಿಟ್ಟು ಒತ್ತಿದೆ. ಗಟ್ಟಿಯಾಗಿ ಎಣಿಸಿದೆ.

“ಒಂದು. ಎರಡು. ಮೂರು.”

ಮೇಡಂ ಕಡ್ಡಿ ತಾಗಿಸಿ ನೋಡಿ, “ಕೈ ತೆಗೀರಿ” ಎಂದರು. ನಾನು ತೆಗೆಯಲಿಲ್ಲ.

“ನಾಲ್ಕು. ಐದು. ಆರು.”

ಯಾರೋ ಅಯ್ಯೋ ಎಂದರು. ಏಳು ಎನ್ನುವಾಗ ವಾಸನೆ ನನ್ನ ಮೂಗಿಗೂ ಬಂತು. ಎಂಟು ಎನ್ನುವಷ್ಟರಲ್ಲಿ ಅಳಿಯ ಗೋಡೆ ಬಿಟ್ಟು ಓಡಿ ಬಂದು ನನ್ನ ಮಣಿಕಟ್ಟು ಹಿಡಿದು ಎಳೆದ. ಚರ್ಮದ ಒಂದು ಪದರ ಉಕ್ಕಿಗೇ ಅಂಟಿಕೊಂಡಿತು.

“ಹಿಡಿಯಿತು” ಎಂದೆ ನಾನು. “ಬರ್ಕೊಳ್ಳಿ ಸಾರ್. ಐವತ್ತಕ್ಕಿಂತ ಕಡಿಮೆ. ಈಗ ಮೇಡಂ ಕೈಲಿರೋ ಅಂಕಿನೂ ಬರ್ಕೊಳ್ಳಿ.”

“ನೂರ ಮೂವತ್ತು” ಎಂದರು ಮೇಡಂ.

ಅಧಿಕಾರಿಯ ಪೆನ್ನು ನಿಂತಿತ್ತು. ಮ್ಯಾನೇಜರು ನನ್ನ ಅಂಗೈಯನ್ನು ನೋಡಿ ಮುಖ ತಿರುಗಿಸಿದ. ಗುಂಗುರುವಿನ ಅಕ್ಕ ಮಾತ್ರ ಮುಖ ತಿರುಗಿಸದೆ ನೋಡುತ್ತಲೇ ಇದ್ದಳು. ಅಳಿಯ ನನ್ನ ಮಣಿಕಟ್ಟನ್ನು ಬಿಡದೆ ನಲ್ಲಿಯ ಕೆಳಗೆ ಹಿಡಿದು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನನಗೆ ನೋವಾಗಲಿಲ್ಲ. ನೋವಾಗಲಿ ಎಂದು ಅವತ್ತು ಎಷ್ಟು ಆಸೆಪಟ್ಟೆ ಎಂದು ಹೇಳಲು ಬರುವುದಿಲ್ಲ.

ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅವನು ಹೇಳಿದ, “ಒಡೆದ ಜಾಗ ಸಕ್ಕರೆ ಹರಳಿನ ಹಾಗಿತ್ತು ಮಾವ. ಓರೆ ಬಡಿದಿದ್ರೆ ಹಾಗಿರಲ್ಲ. ಅವತ್ತೇ ನೋಡಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಬೈತಾ ಇದ್ರಲ್ಲ” ಎಂದ.

ಅಳಿಯನ ಮೇಲಿನ ಆರೋಪ ಬಿದ್ದುಹೋಯಿತು. ಶೆಡ್ಡಿಗೆ ಬೀಗ ಬಿತ್ತು. ಮಾಲೀಕ ಹೇಳಿದ ಒಂಬತ್ತು ಮನೆಗಳಲ್ಲಿ ಒಂದೆರಡು ಮನೆಯವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ, ಅದು ನ್ಯಾಯವೇ. ಕೇಸು ಈಗ ನನ್ನ ಮೇಲಿದೆ. ಬಲಗೈಯ ಎರಡು ಬೆರಳು ಕೊಳೆತವು, ತೆಗೆದರು.

ಅಷ್ಟರಲ್ಲಿ ನಾನು, ಅಳಿಯ ಪುಸ್ತಕ ಹಿಡಿದುಕೊಂಡು ಊರೆಲ್ಲ ಸುತ್ತಿದೆವು. ಒಂದೊಂದು ಗೇಟಿನಲ್ಲಿ ನಿಂತು, ನಂಬರು ಹೇಳಿ, ಪ್ರೆಸ್ಸು ನಿಲ್ಲಿಸಿ ಎನ್ನುವುದು. ಕೆಲವರು ಕೂಡಲೇ ಬಿಚ್ಚಿಕೊಟ್ಟರು. ಕೆಲವರು, ಚೆನ್ನಾಗಿ ಓಡುತ್ತಿರುವ ಪಂಚನ್ನು ಯಾಕೆ ಕೊಡಬೇಕು ಎಂದು ಜಗಳಕ್ಕೆ ಬಂದರು. ಆಗ ನಾನು ಬ್ಯಾಂಡೇಜು ಬಿಚ್ಚಿ ತೋರಿಸುತ್ತಿದ್ದೆ. ಅಳಿಯ ಅಟ್ಟದಿಂದ ಇಳಿಸಿದ ಗೇಜುಗಳಿಂದ ಒಂದೊಂದನ್ನೂ ಅಳೆಯುತ್ತಿದ್ದ. ಎಷ್ಟೋ ಪಂಚುಗಳು ಆಗಲೇ ಕೂದಲೆಳೆಯಷ್ಟು ಉಬ್ಬಿದ್ದವು. ಹಾಗೆ ಅರವತ್ತೊಂದು ಸಿಕ್ಕಿದವು. ಒಂದು ಸಿಗಲಿಲ್ಲ. ಅದನ್ನು ಕೊರೆಸಿದ್ದ ಕಾರ್ಖಾನೆ ಮುಚ್ಚಿತ್ತು, ಪ್ರೆಸ್ಸನ್ನು ಪಂಚಿನ ಸಮೇತ ಗುಜರಿಯವನು ಒಯ್ದಿದ್ದ, ಗುಜರಿಯವನು ಯಾರಿಗೋ ಮಾರಿದ್ದ, ಆ ಯಾರೋ ಯಾರೆಂದು ಅವನಿಗೆ ನೆನಪಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಗುಂಗುರುವಿನ ಮನೆಗೆ ಹೋದೆ. ಅದಕ್ಕೂ ಮೊದಲು ಮೂರು ಸಲ ಬೀದಿಯ ತಿರುವಿನ ತನಕ ಹೋಗಿ ಹಿಂದೆ ಬಂದಿದ್ದೆ. ಒಂದೇ ಕೋಣೆಯ ಮನೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಮೇಲೆ ಬಟ್ಟೆ ಮುಚ್ಚಿತ್ತು. ಅವಳು ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ಕೂದಲನ್ನು ಪೂರ್ತಿ ಕತ್ತರಿಸಿಕೊಂಡಿದ್ದಳು.

“ಕೂತ್ಕೊಳ್ಳಿ” ಎಂದಳು. ಅಂಗೈಯಪ್ಪ ಎನ್ನಲಿಲ್ಲ.

“ತಪ್ಪು ನನ್ನದಮ್ಮ. ನನ್ನ ಕೈಯದು” ಎಂದೆ. ದಾರಿಯುದ್ದಕ್ಕೂ ಬೇರೆ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಇಷ್ಟೇ.

“ಅಕ್ಕ ಹೇಳಿದಳು. ಎಲ್ಲಾ ಹೇಳಿದಳು.” ಅವಳು ಎದ್ದು ಒಲೆಯ ಮೇಲಿನ ಚಹಾ ಇಳಿಸಿದಳು. ನನ್ನ ಎಡಗೈಗೆ ಒಂದು ಸ್ಟೀಲಿನ ಲೋಟ ಕೊಟ್ಟು ಪಾತ್ರೆ ಬಗ್ಗಿಸಿದಳು. ಒಂದೇ ಕಣ್ಣಿಗೆ ದೂರ ಹತ್ತಿರ ಗೊತ್ತಾಗುವುದಿಲ್ಲವಂತೆ. ಕುದಿಯುವ ಚಹಾ ಲೋಟದ ಅಂಚು ತಪ್ಪಿ ನನ್ನ ಬೆರಳುಗಳ ಮೇಲೆ ಸುರಿಯಿತು. ಎಡಗೈಯೂ ಬಲಗೈಯ ದಾರಿಯನ್ನೇ ಹಿಡಿದಿತ್ತು. ನಾನು ಅಲುಗಾಡಲಿಲ್ಲ. ಅವಳಿಗೆ ಕಾಣಲಿಲ್ಲ, ನನಗೆ ತಿಳಿಯಲಿಲ್ಲ, ಚಹಾ ನೆಲಕ್ಕೆ ಹರಿದು ಅವಳ ಪಾದಕ್ಕೆ ತಾಗಿದಾಗಲೇ ಇಬ್ಬರಿಗೂ ಗೊತ್ತಾದದ್ದು.

ಅವಳು ಪಾತ್ರೆ ಇಟ್ಟು ಒದ್ದೆ ಬಟ್ಟೆ ತಂದಳು. ನನ್ನ ಬೆರಳು ಒರೆಸುತ್ತಾ ತಲೆ ಎತ್ತದೆ ಕೇಳಿದಳು.

“ಎಲ್ಲಾ ಪಂಚೂ ಸಿಕ್ಕಿತಾ?”

ಸಿಕ್ಕಿತು ಎಂದುಬಿಡಬಹುದಿತ್ತು. “ಒಂದು ಸಿಕ್ಕಿಲ್ಲ” ಎಂದೆ.

ಅವಳ ಕೈ ನಿಂತಿತು. ಕನ್ನಡಕ ತೆಗೆದು, ಉಳಿದ ಕಣ್ಣಿನಿಂದ ನನ್ನನ್ನು ನೇರವಾಗಿ ನೋಡಿದಳು.

“ಅದರ ಮುಂದೆ ಈಗ ಯಾರು ಕೂತಿದ್ದಾರೆ?”

ಅವಳು ಬಟ್ಟೆ ಹಿಂಡಿ ನೆಲ ಒರೆಸತೊಡಗಿದಳು. ನಾನು ಎದ್ದು ಬಂದೆ. ಮಾರನೇ ದಿನ ಬೆಳಿಗ್ಗೆ ಅಳಿಯನನ್ನು ಕರೆದುಕೊಂಡು ಮತ್ತೆ ಗುಜರಿಯವನ ಬಾಗಿಲಿಗೆ ಹೋದೆ.